ಸ್ಕೇಟಿಂಗ್ ಸಾಲಿನಲ್ಲಿ ಬೇಲಿ ಬೇಡ

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರೂ ಮಹಿಳೆಯರೂ ಸ್ಕೇಟಿಂಗಿನ 3000 ಮೀಟರ್ ರಿಲೇಯಲ್ಲಿ ಕಂಚು ಗೆದ್ದರು. ಇಂಥ ಓಟ ಒಬ್ಬಂಟಿ ಅಭ್ಯಾಸದಿಂದ ಕೈಗೂಡುವುದಲ್ಲ. ವೇಗದ ಸ್ಕೇಟಿಂಗಿನಲ್ಲಿ ಮುಂದಿರುವವನು ಗಾಳಿಯನ್ನು ಸೀಳಿದರೆ ಹಿಂದಿನವರಿಗೆ ದಣಿವು ಕಡಿಮೆ; ಅವನು ಬಳಲಿದಾಗ ಬದಿಗೆ ಸರಿದು ಸಾಲಿನ ಕೊನೆಗೆ ಸೇರಬೇಕು. ಇದನ್ನು ಕಲಿಯಲು ಐದಾರು ಮಕ್ಕಳಾದರೂ ಬೇಕು.

ಕಾಸರಗೋಡಿನಲ್ಲಿ ಕನ್ನಡ ಮಕ್ಕಳದೇ ಪ್ರತ್ಯೇಕ ತಂಡ ಬೇಕೆನ್ನುವವರಿಗೆ ಒಂದು ಮಾತು. ಶಾಲೆಯಲ್ಲಿ ಕನ್ನಡಕ್ಕಾಗಿ ಪಟ್ಟು ಹಿಡಿಯುವುದು ನ್ಯಾಯವೇ. ಚಕ್ರದ ಮೇಲೆ ಆ ಪಟ್ಟು ಸಲ್ಲದು. ನೆರೆಮನೆಯ ಮಲಯಾಳಿ ಮಕ್ಕಳು ಬಂದರೆ ಸಾಲು ತುಂಬೀತು. ‘ಎಡಕ್ಕೆ’ ಎನ್ನಬೇಕೋ ‘ಇಡತ್ತೋಟ್ಟ್’ ಎನ್ನಬೇಕೋ ಮಕ್ಕಳೇ ತೀರ್ಮಾನಿಸಲಿ, ಆದರೆ ಕೂಗು ಒಂದೇ ಇರಲಿ. ಇಲ್ಲವಾದರೆ ಯಾರ ಮೊಣಕಾಲೂ ಉಳಿಯದು. ಹೆಲ್ಮೆಟ್ಟಿಲ್ಲದ ಮಗು ಸಾಲಿಗೆ ಬೇಡ. ಆದಿತ್ಯವಾರ ಬೆಳಗ್ಗೆ ಯಾವುದಾದರೂ ಶಾಲೆಯ ಕಾಂಕ್ರೀಟು ಅಂಗಳವನ್ನು ಹೆತ್ತವರೆಲ್ಲ ಒಟ್ಟಾಗಿ ಹೋಗಿ ಕೇಳೋಣ.