ಸರಿನ್‌ಗೆ ಹೆದರುವ ನಾವು ಟ್ಯಾಂಕಿಗೆ ಯಾಕೆ ಹೆದರಲ್ಲ?

ಕೆಮಿಕಲ್ ವೆಪನ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಸಿನಿಮಾ ವಿಲನ್. ಅವನ ಕೈಯಲ್ಲೊಂದು ಹಸಿರು ದ್ರವದ ಬಾಟಲಿ, ಅದು ಒಡೆದರೆ ಇಡೀ ಊರೇ ಖಲಾಸ್! ಆದರೆ ನಿಜವಾಗಿ ನಡೆದದ್ದನ್ನು ನೋಡಿದರೆ ಲೆಕ್ಕ ಬೇರೆಯೇ ಇದೆ.

1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೊ ಎಂಬ ಪಂಥದವರು ಟೋಕಿಯೋದ ಮೆಟ್ರೋ ರೈಲುಗಳಲ್ಲಿ ಸರಿನ್ ಬಿಟ್ಟರು. ಅವರ ಬಳಿ ಚೆನ್ನಾಗಿ ಓದಿದ ಕೆಮಿಸ್ಟ್‌ಗಳಿದ್ದರು, ದುಡ್ಡಿತ್ತು, ಸ್ವಂತ ಕಾರ್ಖಾನೆಯೇ ಇತ್ತು. ಬೆಳಗಿನ ರಶ್ ಬೇರೆ. ಇಷ್ಟಾದರೂ ಸತ್ತವರು 14 ಜನ. ಅದರಲ್ಲಿ ಒಬ್ಬರು 25 ವರ್ಷ ಹಾಸಿಗೆ ಹಿಡಿದು 2020ರಲ್ಲಿ ತೀರಿಕೊಂಡರು, ಹಾಗಾಗಿ ಇದನ್ನು ಸಣ್ಣದು ಅಂತ ನಾವು ಖಂಡಿತ ಹೇಳಲ್ಲ. ಆದರೆ ಆಸ್ಪತ್ರೆಗಳಿಗೆ ಹೋದವರು 5,000ಕ್ಕೂ ಹೆಚ್ಚು. ಅವರಲ್ಲಿ ದೊಡ್ಡ ಪಾಲು ಜನರಿಗೆ ವಿಷದ ಲಕ್ಷಣವೇ ಇರಲಿಲ್ಲ, ಗಾಬರಿಯಿಂದ ಬಂದಿದ್ದರು. ಇದೇ ಗುಂಪು 1993ರಲ್ಲಿ ತಮ್ಮ ಕಟ್ಟಡದ ಮೇಲಿಂದ ಆಂಥ್ರಾಕ್ಸ್ ಸಿಂಪಡಿಸಿತ್ತು. ಅಕ್ಕಪಕ್ಕದವರು ಕೆಟ್ಟ ವಾಸನೆ ಅಂತ ದೂರು ಕೊಟ್ಟರು, ಅಷ್ಟೇ! ಅವರು ಬೆಳೆಸಿದ್ದು ಲಸಿಕೆಗೆ ಬಳಸುವ ತಳಿ.

ಹಾಗಂತ ಇದೆಲ್ಲ ಬುರುಡೆ ಅಲ್ಲ. 1988ರಲ್ಲಿ ಇರಾಕಿನ ವಿಮಾನಗಳು ಹಲಬ್ಜಾ ಎಂಬ ಕುರ್ದ್ ಪಟ್ಟಣದ ಮೇಲೆ ವಿಷಾನಿಲ ಸುರಿದು ಸಾವಿರಾರು ಜನರನ್ನು ಕೊಂದವು. ಅದರ ಹಿಂದೆ ಒಂದು ಇಡೀ ಸರ್ಕಾರ, ಸೈನ್ಯ ಇತ್ತು. ಅಂಟುರೋಗದ ಮಾತೂ ಬೇರೆ, ಕೋವಿಡ್ ಕಂಡ ನಾವು ಅದನ್ನು ಹಗುರವಾಗಿ ತಗೊಳ್ಳೋಕಾಗಲ್ಲ.

ಈಗ ಭೋಪಾಲಕ್ಕೆ ಬನ್ನಿ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಭಯೋತ್ಪಾದಕರೂ ಇರಲಿಲ್ಲ, ಬಾಂಬೂ ಇರಲಿಲ್ಲ. ಕೀಟನಾಶಕದ ಕಾರ್ಖಾನೆಯ ಒಂದು ಟ್ಯಾಂಕಿನಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಸೋರಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು 3,787, ಸಂತ್ರಸ್ತರು ಹೇಳುವ ಲೆಕ್ಕ ಇನ್ನೂ ಎಷ್ಟೋ ದೊಡ್ಡದು. ಆ ಮೀಥೈಲ್ ಐಸೋಸಯನೇಟ್ ತಯಾರಿಸಲು ಬಳಸುತ್ತಿದ್ದ ಫಾಸ್ಜೀನ್, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅದೇ ಅನಿಲ. ಟ್ಯಾಂಕನ್ನು ತಂಪಾಗಿಡುವ ವ್ಯವಸ್ಥೆ ತಿಂಗಳುಗಳ ಹಿಂದೆಯೇ ಬಂದ್ ಆಗಿತ್ತು. ಅನಿಲವನ್ನು ಸುಡುವ ಫ್ಲೇರ್ ಟವರ್‌ನ ಪೈಪು ರಿಪೇರಿಗೆ ಬಿಚ್ಚಿಟ್ಟಿತ್ತು. ಮೀಟರಿನಲ್ಲಿ ಒತ್ತಡ ಏರಿದ್ದು ಕಂಡರೂ ಮೊದಲಿಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಯಾಕಂದ್ರೆ ಅಲ್ಲಿನ ಮೀಟರುಗಳನ್ನು ನಂಬೋದನ್ನೇ ಬಿಟ್ಟಿದ್ದರು.

ಆ ಮೀಟರು, ಪೈಪು, ಕೂಲಿಂಗ್ ಎಲ್ಲ ನಾಳೆ ನಮ್ಮದೇ ಕೆಲಸ ಕಣ್ರೀ. ಸರಿನ್ ತಡೆಯೋಕೆ ಪೊಲೀಸರು, ಸೈನ್ಯ ಇದ್ದಾರೆ. ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋದಾಗ ಗ್ರೂಪ್ ಫೋಟೋ ಮುಗಿದ ಮೇಲೆ ಅಲ್ಲಿನ ಎಂಜಿನಿಯರನ್ನು ಒಂದು ಮಾತು ಕೇಳೋಣ: ಸಾರ್, ಈ ಟ್ಯಾಂಕಿನ ಅಲಾರಂ ಕೊನೇ ಸಲ ಟೆಸ್ಟ್ ಮಾಡಿದ್ದು ಯಾವಾಗ?