ಓಡಲಾರದವುಗಳ ಮೇಲೆ ನಮ್ಮ ಶೌರ್ಯ

ಆಮೆಗೆ ನಮ್ಮಲ್ಲಿ ಮೊದಲು ಎರಡೇ ಕೆಲಸವಿತ್ತು. ಮೊಲದ ಜೊತೆ ಪಂದ್ಯ ಓಡಿ ಮಕ್ಕಳಿಗೆ ನೀತಿ ಹೇಳುವುದು ಒಂದು. ಮೆಲ್ಲಗೆ ಬರೆಯುವ ಹುಡುಗನಿಗೆ, ನಿಧಾನವಾಗಿ ಕೆಲಸ ಮಾಡುವ ಸೊಸೆಗೆ ಬೈಗುಳವಾಗುವುದು ಇನ್ನೊಂದು. "ಏನೇ, ಆಮೆ ಹಂಗೆ ತೆವಳ್ತೀಯಲ್ಲೇ" ಎಂಬ ಮಾತು ಕಿವಿಗೆ ಬೀಳದೆ ಸಂಸಾರ ಮಾಡಿದ ಹೆಣ್ಣುಮಗಳು ನಮ್ಮ ಹೊನ್ನಾಳಿ, ನ್ಯಾಮತಿ ಕಡೆ ಸಿಗುವುದು ಕಷ್ಟ. ಕೆಲವು ವರ್ಷಗಳಿಂದೀಚೆಗೆ ಅದಕ್ಕೆ ಮೂರನೆಯ ಕೆಲಸವನ್ನೂ ಹಚ್ಚಿದ್ದೇವೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂತು ಮನೆಗೆ ಲಕ್ಷ್ಮಿಯನ್ನು ಕರೆತರುವ ಕೆಲಸ.

ನನ್ನ ತಕರಾರು ಇರುವುದು ಈ ಮೂರನೆಯದರ ಮೇಲೆ.

ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಟೈಲ್ಸು, ಮಾಡ್ಯುಲರ್ ಕಿಚನ್ನು ಎಲ್ಲ ತೋರಿಸಿದ ಮೇಲೆ ಮನೆಯಾಕೆ ಈಶಾನ್ಯ ಮೂಲೆಗೆ ಕರೆದುಕೊಂಡು ಹೋದಳು. ಅರ್ಧ ಟಬ್ಬು ನೀರು, ಅದರಲ್ಲಿ ಒಂದು ನಕ್ಷತ್ರ ಆಮೆ. ಕುತ್ತಿಗೆ ಮೇಲೆತ್ತಿ ಟಬ್ಬಿನ ಗೋಡೆ ಕೆರೆಯುತ್ತಿತ್ತು. ಪಕ್ಕದಲ್ಲಿ ಹಾಲು-ಅನ್ನದ ಬಟ್ಟಲು. "ಎಷ್ಟು ಚಟುವಟಿಕೆ ನೋಡಿ ಟೀಚರ್" ಎಂದಳು. ಅದು ಚಟುವಟಿಕೆಯಲ್ಲ ತಾಯಿ, ಮುಳುಗುವ ಭಯ. ನಕ್ಷತ್ರ ಆಮೆ ನೆಲದ ಪ್ರಾಣಿ. ಅದಕ್ಕೆ ಈಜು ಬಾರದು. ನಮ್ಮ ಜಗಳೂರಿನ ಸುತ್ತ ಇರುವಂಥ ಒಣ ಕುರುಚಲು ಕಾಡು, ಹುಲ್ಲು, ಉದುರಿದ ಹೂವು-ಹಣ್ಣು, ಮೊದಲ ಮಳೆಯ ಹಸಿ ಮಣ್ಣು, ಇಷ್ಟೇ ಅದರ ಪ್ರಪಂಚ. ಹಾಲು-ಅನ್ನ ಅದರ ಆಹಾರವೇ ಅಲ್ಲ. ಸಲ್ಲದ್ದನ್ನು ತಿನ್ನಿಸಿದರೆ ಚಿಪ್ಪು ಗುಬುಟುಗುಬುಟಾಗಿ ವಿಕಾರವಾಗುತ್ತದೆ. ಲಕ್ಷ್ಮಿ ಚಂಚಲೆ ಎಂದು ಹಿರಿಯರು ಹೇಳಿದರು. ಆ ಚಂಚಲೆಯನ್ನು ಕಟ್ಟಿಹಾಕಲು ಈ ಮಂದಗಾಮಿಯನ್ನು ಸೆರೆಯಲ್ಲಿಡಬೇಕೆಂದು ಅವರಲ್ಲಿ ಯಾರೂ ಹೇಳಿದಂತಿಲ್ಲ.

ನಿಧಾನವೆಂದರೆ ಸೋಮಾರಿತನ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಇಂಗ್ಲಿಷರೂ ಇದರಲ್ಲಿ ಕಡಿಮೆಯಿಲ್ಲ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಾಡಿನಲ್ಲಿ ಮರಕ್ಕೆ ತಲೆಕೆಳಗಾಗಿ ನೇತಾಡುವ ಪ್ರಾಣಿಯೊಂದಕ್ಕೆ ಅವರು ಸೋಮಾರಿತನ ಎಂಬ ಅರ್ಥದ 'ಸ್ಲಾತ್' ಎನ್ನುವ ಹೆಸರನ್ನೇ ಇಟ್ಟರು. ಮಕ್ಕಳು ಮೊಬೈಲಿನಲ್ಲಿ ನೋಡಿ ನಗುತ್ತವಲ್ಲ, ಅದೇ. ಅದು ತಿನ್ನುವುದು ಸೊಪ್ಪು. ಸೊಪ್ಪಿನಲ್ಲಿ ಕಸುವು ಕಡಿಮೆ, ಜೀರ್ಣವಾಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಹಾಗಾಗಿ ಅದು ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿ ಇಡುತ್ತದೆ, ಮರದಿಂದ ಇಳಿಯುವುದು ಹೆಚ್ಚುಕಡಿಮೆ ವಾರಕ್ಕೊಂದು ಸಲ. ಸಣ್ಣ ಸಂಬಳದಲ್ಲಿ ತಿಂಗಳ ಕೊನೆ ಮುಟ್ಟಿಸುವ ಗೃಹಿಣಿಯನ್ನು ಯಾರಾದರೂ ಸೋಮಾರಿ ಎನ್ನುತ್ತಾರೆಯೇ? (ಅನ್ನುವವರೂ ಇದ್ದಾರೆ, ಆ ಮಾತು ಬೇರೆ.)

ಈ ಹೆಸರಿನ ಕಸ ನಮ್ಮ ಕರಡಿಯ ಮೇಲೂ ಬಿತ್ತು. ಉದ್ದನೆಯ ಉಗುರು, ಮೇಲ್ದವಡೆಯ ನಡುವೆ ಎರಡು ಹಲ್ಲಿಲ್ಲದ ಬಾಯಿ ನೋಡಿ 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ವಿಜ್ಞಾನಿ ಅದನ್ನೂ ಸ್ಲಾತಿನ ಗುಂಪಿಗೇ ಸೇರಿಸಿಬಿಟ್ಟ. ಇಂಗ್ಲಿಷಿನಲ್ಲಿ ಇಂದಿಗೂ ಅದು 'ಸ್ಲಾತ್ ಬೇರ್'. ಕರಡಿ ಅಟ್ಟಿಸಿಕೊಂಡು ಬಂದ ಹೊಲದವರನ್ನು ಕೇಳಿ, ಎಷ್ಟು ಸೋಮಾರಿ ಅಂತ ಹೇಳುತ್ತಾರೆ.

ನಿಜವಾಗಿ ನಿಧಾನವಾದ ಜೀವಗಳು ನಮ್ಮ ನಾಡಿನಲ್ಲಿ ಬೇರೆಯೇ ಇವೆ. ಅವಕ್ಕೆ ಓಟವಿಲ್ಲ, ಉಪಾಯವಿದೆ. ಆಮೆ ಚಿಪ್ಪಿನೊಳಗೆ ಹೋಗುತ್ತದೆ. ಚಿಪ್ಪುಹಂದಿ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಆಗ ಚಿರತೆಗೂ ಅದನ್ನು ಬಿಚ್ಚುವುದು ಕಷ್ಟ. ಮಣ್ಣುಮುಕ್ಕ ಹಾವು ತಲೆಯನ್ನು ಸುರುಳಿಯೊಳಗೆ ಬಚ್ಚಿಟ್ಟು ಮೊಂಡು ಬಾಲವನ್ನು ತಲೆಯಂತೆ ಎತ್ತಿ ತೋರಿಸುತ್ತದೆ, ಕಚ್ಚುವವನು ಬಾಲಕ್ಕೆ ಕಚ್ಚಲಿ ಎಂದು. ಕಾಡುಪಾಪ ಕೊಂಬೆಯ ಮೇಲೆ ಒಂದು ಎಲೆ ಅಲುಗದಂತೆ ಕೈಯಿಟ್ಟು ಕಾಲಿಟ್ಟು ಹೋಗುತ್ತದೆ, ಸದ್ದಾದರೆ ಅಲ್ಲೇ ಕಲ್ಲಾಗುತ್ತದೆ. ಎಷ್ಟೋ ಲಕ್ಷ ವರ್ಷಗಳಿಂದ ನಡೆದುಬಂದ ಉಪಾಯಗಳಿವು. ಇವು ಸೋಲುವುದು ಬಗ್ಗಿ ಎತ್ತಿ ಚೀಲಕ್ಕೆ ಹಾಕಿಕೊಳ್ಳುವ ಕೈಯೆದುರು. ಉಂಡೆಯಾದ ಚಿಪ್ಪುಹಂದಿಯನ್ನು ಒಯ್ಯುವುದು ಕುಂಬಳಕಾಯಿ ಒಯ್ದಷ್ಟೇ ಸುಲಭ. ಇದಕ್ಕೆ ಬಲೆ ಬೇಡ, ಬಂದೂಕು ಬೇಡ. ಹುಲಿಯ ಬೇಟೆಯಲ್ಲಿ ಹಿಂದಿನ ರಾಜರಿಗೆ ಅಪಾಯವಾದರೂ ಇತ್ತು!

ಹಿಡಿದು ಮಾಡುವುದಾದರೂ ಏನು? ಚಿಪ್ಪುಹಂದಿಯ ಚಿಪ್ಪು ಔಷಧವಂತೆ. ಆ ಚಿಪ್ಪು ಕೆರಾಟಿನ್. ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಅದೇ. ಔಷಧವೇ ಆಗಿದ್ದರೆ ನೇಲ್‌ಕಟರ್ ಇಟ್ಟುಕೊಂಡ ಪ್ರತಿ ಮನೆಯೂ ಆಸ್ಪತ್ರೆ. ಮಣ್ಣುಮುಕ್ಕ ಹಾವಿಗೆ ಎರಡು ತಲೆ, ಅದಿದ್ದ ಮನೆಗೆ ನಿಧಿ ಎಂದು ಲಕ್ಷ ಲಕ್ಷ ಮಾತಾಡುತ್ತಾರೆ. ತೂಕದ ಮೇಲೆ ದರವಂತೆ. ವಿಷವಿಲ್ಲದ, ಹೊಲದ ಇಲಿ ತಿಂದು ರೈತನ ಕಾಳು ಉಳಿಸುವ ಆ ಹಾವು ತಾನೇ ನಿಧಿ ಎಂದು ಇವರಿಗೆ ಹೊಳೆಯುವುದಿಲ್ಲ. ಇನ್ನು ಕಾಡುಪಾಪ. ಕಾಲು ಕಿಲೋ ತೂಗುವ ಆ ದೊಡ್ಡ ಕಣ್ಣಿನ ಕೂಸನ್ನು ಮಾಟಕ್ಕೆಂದು ಹಿಡಿದು ಹಿಂಸಿಸುವುದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ತುಮಕೂರಿನ ಬಳಿ ನಾಗವಲ್ಲಿಯ ತೋಪುಗಳಲ್ಲಿ ಅದು ಊರಿನ ಮಗ್ಗುಲಲ್ಲೇ ಬದುಕಿದೆ. ಮರದಿಂದ ಮರಕ್ಕೆ ಕೊಂಬೆ ಕೂಡಿರಬೇಕು, ಅದು ಕೇಳುವುದು ಅಷ್ಟನ್ನೇ. ಅದಕ್ಕಾಗಿಯೇ 2022ರಲ್ಲಿ ತಮಿಳುನಾಡು ಕಡವೂರು ಬಳಿ 11,806 ಹೆಕ್ಟೇರ್ ಕಾಡನ್ನು ಅಭಯಾರಣ್ಯ ಮಾಡಿತು. ನಾವು ರಸ್ತೆ ಅಗಲ ಮಾಡುತ್ತಾ ಸಾಲುಮರ ಎಣಿಸುತ್ತಿದ್ದೇವೆ.

ಇದೆಲ್ಲ ಗಂಡಸರ, ಕಳ್ಳರ ವ್ಯವಹಾರ, ನಮಗೇನು ಎನ್ನಬೇಡಿ. ಕಳ್ಳ ಹಿಡಿಯುವುದು ಕೊಳ್ಳುವವರಿದ್ದಾರೆಂದು. ಮಗು ಬೆಚ್ಚಿದರೆ ಕರಡಿ ಕೂದಲಿನ ತಾಯತ ಕಟ್ಟಿದವರು ಯಾರು? ವಾಸ್ತುವಿನವನು ಹೇಳಿದನೆಂದು ಗಂಡನಿಗೆ ಗಂಟುಬಿದ್ದು ಆಮೆ ತರಿಸುವವರು ಯಾರು? "ಒಂದೇ ಒಂದು ತಂದರೆ ಏನಾಯಿತು, ಪ್ರೀತಿಯಿಂದ ಸಾಕುತ್ತೇವಲ್ಲ" ಎನ್ನುತ್ತೀರಿ. ಪ್ರತಿ ಮನೆಯದೂ ಒಂದೇ ಒಂದು. ಆ ಒಂದು ನಿಮ್ಮ ಟಬ್ಬಿಗೆ ಬರುವ ಮೊದಲು ಚೀಲದಲ್ಲಿ, ಡಬ್ಬದಲ್ಲಿ, ಅನ್ನ-ನೀರಿಲ್ಲದೆ ಸತ್ತವು ಎಷ್ಟೋ. ಈ ಜೀವಗಳಿಗೆ ನಡಿಗೆ ಮಾತ್ರವಲ್ಲ, ಸಂತಾನವೂ ನಿಧಾನ. ಚಿಪ್ಪುಹಂದಿಗೆ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ. ಅದನ್ನು ಬಾಲದ ಮೇಲೆ ಕೂರಿಸಿಕೊಂಡು ತಿರುಗುತ್ತದೆ ತಾಯಿ. ತಾಯಿಯನ್ನು ಎತ್ತಿದವನು ಎರಡನ್ನು ಎತ್ತಿದ ಹಾಗೆ. 2019ರಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ನಕ್ಷತ್ರ ಆಮೆಯ ವ್ಯಾಪಾರಕ್ಕೆ ಅತಿ ಬಿಗಿಯಾದ ನಿಷೇಧ ಹಾಕಿದ್ದು ಸುಮ್ಮನೆ ಅಲ್ಲ. ನಮ್ಮ ವನ್ಯಜೀವಿ ಕಾಯ್ದೆ 1972ರದು. ಮನೆಯಲ್ಲಿ ನಕ್ಷತ್ರ ಆಮೆ ಇಟ್ಟುಕೊಳ್ಳುವುದು ಅದರಡಿ ಅಪರಾಧ, ಜೈಲಾದೀತು. ಲಕ್ಷ್ಮಿಗಿಂತ ಮೊದಲು ಪೊಲೀಸರು ಬಾಗಿಲು ತಟ್ಟಿಯಾರು.

ಇದನ್ನು ಓದಿ ಯಾರಾದರೂ ಮನಸ್ಸು ಬದಲಿಸಿದರೆ ಒಂದು ಮಾತು. ಪುಣ್ಯ ಬರಲಿ ಎಂದು ಆ ನಕ್ಷತ್ರ ಆಮೆಯನ್ನು ತುಂಗಭದ್ರೆಗೆ ಬಿಡಬೇಡಿ, ಮುಳುಗಿ ಸಾಯುತ್ತದೆ. ಅಕ್ವೇರಿಯಂ ಅಂಗಡಿಯಿಂದ ತಂದ, ಕೆನ್ನೆಯ ಮೇಲೆ ಕೆಂಪು ಗೆರೆಯಿರುವ ಆಮೆಯನ್ನು ಸೂಳೆಕೆರೆಗೂ ಬಿಡಬೇಡಿ. ಅದು ಅಮೆರಿಕದ್ದು, ಇಲ್ಲಿಯ ಆಮೆಗಳ ಅನ್ನಕ್ಕೆ ಕೈಹಾಕುತ್ತದೆ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಹೇಳಿ, ಮುಂದಿನದು ಅವರು ನೋಡಿಕೊಳ್ಳಲಿ. ಟಬ್ಬು ಬಟ್ಟೆ ನೆನೆಹಾಕಲು ಆದೀತು.