ಗುಡಿ ಕಟ್ಟಲಿಕ್ಕಾಗಿಯೂ ಪಾಠ ನಿಲ್ಲಬಾರದು



ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನಗೆ ಬರೆದ ದೀರ್ಘ ಪತ್ರವು ಈಗಾಗಲೇ ನಿಮ್ಮಲ್ಲಿ ಅನೇಕರ ಕೈ ಸೇರಿದೆ. ಅವನ ನೆರೆಮನೆಯ ಯಹೂದಿ ಕುಟುಂಬದ ಮಗುವು ತಮ್ಮ ಸಮುದಾಯದವರೇ ನಡೆಸುವ ಶಾಲೆಗೆ ಹೋಗುತ್ತದೆಯಂತೆ. ಅರ್ಧ ದಿನ ಹೀಬ್ರೂ ಭಾಷೆ ಮತ್ತು ಧರ್ಮಗ್ರಂಥ, ಉಳಿದರ್ಧ ದಿನ ಗಣಿತ, ವಿಜ್ಞಾನ, ಇಂಗ್ಲಿಷು. "ಗುರುಗಳೇ, ಹೂಲಿಯಲ್ಲಿ ನಮ್ಮ ಸಮಾಜದ್ದೇ ಆದ ಇಂಥದೊಂದು ಶಾಲೆ ಏಕಿರಬಾರದು? ಹಣ ನಾವು ಕೂಡಿಸುತ್ತೇವೆ, ನೀವು ಮುಂದೆ ನಿಲ್ಲಬೇಕು" ಎಂಬುದು ಅವನ ಬೇಡಿಕೆ. ಬಂಧುಗಳಲ್ಲಿ ಕೆಲವರು ಆಗಲೇ ಜಾಗ ನೋಡುವ ಮಾತನ್ನೂ ಆಡಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಶಾಲೆಗಳಿಂದ ನಾವು ಕಲಿಯತಕ್ಕದ್ದು ಬಹಳವಿದೆ. ಆದರೆ ಹೂಲಿಗೆ ಸಮಾಜದ ಹೆಸರಿನ ಇನ್ನೊಂದು ಶಾಲೆ ಬೇಡ.

ಮೊದಲು ಕಲಿಯತಕ್ಕದ್ದನ್ನು ಹೇಳುವೆ. ಆ ಶಾಲೆಗಳಲ್ಲಿ ಧರ್ಮವೆಂಬುದು ವಾರಕ್ಕೊಂದು ನೀತಿಪಾಠವಲ್ಲ, ದಿನಚರಿಯೊಳಗೇ ಸೇರಿಕೊಂಡಿರುತ್ತದೆ. ಬೆಳಗಿನ ಪ್ರಾರ್ಥನೆಯಿಂದ ದಿನ ಪ್ರಾರಂಭ. ಅನೇಕ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಮೊದಲ ಪ್ರಾರ್ಥನಾ ಪುಸ್ತಕವನ್ನು ತಂದೆತಾಯಿಗಳ ಎದುರಿನಲ್ಲಿ ಹಬ್ಬದಂತೆ ಕೈಗಿಡುತ್ತಾರೆ. ಮಧ್ಯಾಹ್ನ ಎಲ್ಲರೂ ಕೂಡಿ ಉಂಡು, ಉಂಡ ಮೇಲೆ ಅನ್ನಕ್ಕಾಗಿ ಕೃತಜ್ಞತೆಯ ಹಾಡನ್ನು ಮೇಜು ಬಡಿಯುತ್ತ ಹಾಡುತ್ತಾರೆ. ಶುಕ್ರವಾರ ಸೂರ್ಯಾಸ್ತಕ್ಕೆ ಅವರ ವಿಶ್ರಾಂತಿಯ ದಿನವಾದ ಸಬ್ಬತ್ ಮೊದಲಾಗುವುದರಿಂದ, ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಅಂದು ಶಾಲೆ ಬೇಗ ಬಿಡುತ್ತದೆ. ಅದಕ್ಕೆ ಮುಂಚೆ ಮಕ್ಕಳು ತರಗತಿಯ ಡಬ್ಬಿಯಲ್ಲಿ ಬಡವರಿಗಾಗಿ ಒಂದೊಂದು ನಾಣ್ಯ ಹಾಕುತ್ತಾರೆ. ಆ ದಾನಕ್ಕೆ ಹೀಬ್ರೂ ಭಾಷೆಯಲ್ಲಿರುವ ಶಬ್ದ 'ತ್ಸೆದಾಕಾ'. ಅದರ ಮೂಲಾರ್ಥ ನ್ಯಾಯ. ಕೊಡುವವನು ಉಪಕಾರ ಮಾಡುತ್ತಿಲ್ಲ, ಸಲ್ಲಬೇಕಾದ್ದನ್ನು ಸಲ್ಲಿಸುತ್ತಿದ್ದಾನೆ ಎಂಬ ಭಾವ. ಕಾಯಕ, ದಾಸೋಹ ಎಂಬ ಶಬ್ದಗಳನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಬ್ಬತ್ತಿನ ಮಾತೂ ನಮಗೆ ದೂರದ್ದಲ್ಲ. ಕೊಂಕಣ ತೀರದಲ್ಲಿ ಶತಮಾನಗಳ ಕಾಲ ಎಣ್ಣೆಯ ಗಾಣ ನಡೆಸಿಕೊಂಡಿದ್ದ ಬೆನೆ ಇಸ್ರೇಲ್ ಯಹೂದಿಗಳಿಗೆ ಅಲ್ಲಿಯ ಜನ 'ಶನಿವಾರ ತೇಲಿ' ಎಂದೇ ಹೆಸರಿಟ್ಟಿದ್ದರು. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ಹಿರಿಯರನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು.

ಓದಿನ ಕ್ರಮವೂ ಗಮನಿಸತಕ್ಕದ್ದು. ಇಬ್ಬರು ಎದುರುಬದುರು ಕುಳಿತು, ಒಂದೇ ಪಾಠವನ್ನು ಗಟ್ಟಿಯಾಗಿ ಓದಿ, ಒಬ್ಬನು ಹೇಳಿದ ಅರ್ಥವನ್ನು ಇನ್ನೊಬ್ಬನು ಪ್ರಶ್ನಿಸಿ ವಾದಿಸುವುದು ಅವರ ಪುರಾತನ ಪದ್ಧತಿ. ಅವರ ದೊಡ್ಡ ಹಬ್ಬವಾದ ಪಾಸ್ಕದ ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಅತಿ ಕಿರಿಯ ಮಗುವೇ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು, ಹಿರಿಯರು ಉತ್ತರಿಸಬೇಕು. ನಮ್ಮ ಮನೆಗಳಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ಸಿಗುವ ಉತ್ತರ "ದೊಡ್ಡವರ ನಡುವೆ ಬಾಯಿ ಹಾಕಬೇಡ" ಎಂಬುದು. ನಮ್ಮ ಹಳೆಯ ಕನ್ನಡ ಸಾಲಿಗಳಲ್ಲಿ ಹಿರೇಮಣಿಯು ಚಿಕ್ಕವರ ಪಾಟಿ ನೋಡಿ ಮಗ್ಗಿ ಹೇಳಿಸುತ್ತಿದ್ದನು. ಅದೂ ಮಕ್ಕಳು ಮಕ್ಕಳಿಗೆ ಕಲಿಸುವ ಕ್ರಮವೇ. ಆದರೆ ಅಲ್ಲಿ ಉರುಹೊಡೆಯುವುದಿತ್ತು, ವಾದ ಇರಲಿಲ್ಲ.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನಾಟಿದ ಸಂಗತಿ. ಯಹೂದಿಗಳ ತಾಲ್ಮುಡ್ ಗ್ರಂಥದಲ್ಲಿ ಶಾಲೆಗಳು ಹುಟ್ಟಿದ ಬಗೆಯ ವೃತ್ತಾಂತವೊಂದಿದೆ. ಹಿಂದೆ ತಂದೆಯುಳ್ಳ ಮಗುವಿಗೆ ತಂದೆಯೇ ಕಲಿಸುತ್ತಿದ್ದನು. ತಂದೆಯಿಲ್ಲದ ಮಗು ಕಲಿಯದೆಯೇ ಉಳಿಯುತ್ತಿತ್ತು. ಇದನ್ನು ಸರಿಪಡಿಸಲು ಯೆಹೋಶುವ ಬೆನ್ ಗಮ್ಲಾ ಎಂಬ ಪ್ರಧಾನ ಪುರೋಹಿತನು, ಕ್ರಿಸ್ತಶಕದ ಮೊದಲ ಶತಮಾನದಲ್ಲಿ, ಊರೂರಿಗೆ ಶಿಕ್ಷಕರನ್ನು ನೇಮಿಸಿ ಆರೇಳು ವರ್ಷದ ಮಕ್ಕಳನ್ನೆಲ್ಲ ಸೇರಿಸಬೇಕೆಂದು ವಿಧಿಸಿದನು. ಒಬ್ಬ ಶಿಕ್ಷಕನಿಗೆ 25 ಮಕ್ಕಳು. 40 ಆದರೆ ಊರಿನ ಖರ್ಚಿನಲ್ಲಿ ಒಬ್ಬ ಸಹಾಯಕ. 50 ಆದರೆ ಇಬ್ಬರು ಶಿಕ್ಷಕರು ಎಂಬ ಲೆಕ್ಕವೂ ಅಲ್ಲಿಯೇ ಇದೆ. ನಮ್ಮ ಶಿಕ್ಷಣ ಹಕ್ಕು ಕಾಯಿದೆಯು ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದು ವಿಧಿಸಿದ್ದು 2009ರಲ್ಲಿ! ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ: ದೇವಾಲಯವನ್ನು ಕಟ್ಟುವ ಕೆಲಸಕ್ಕಾಗಿಯೂ ಶಾಲೆಯ ಮಕ್ಕಳ ಓದನ್ನು ನಿಲ್ಲಿಸಲಾಗದು ಎಂಬ ಅರ್ಥದ್ದು. ಪಂಚಲಿಂಗೇಶ್ವರನಿಂದ ಹಿಡಿದು ಎಷ್ಟೋ ಗುಡಿಗಳು ಚಾಲುಕ್ಯರ ಕಾಲದಿಂದಲೂ ನಿಂತಿರುವ, ಎಷ್ಟೋ ಗುಡಿಗಳು ಕುಸಿದು ಬಿದ್ದಿರುವ ಊರಿನಲ್ಲಿ ಕುಳಿತು ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಈಗ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ. ಲೋಕದ ತುಂಬ ಚದುರಿಹೋಗಿ, ಅನ್ಯರ ನಡುವೆ ಕೆಲವೇ ಮನೆಗಳಾಗಿ ಬದುಕಿದ ಜನರಿಗೆ ತಮ್ಮ ಭಾಷೆ, ಹಬ್ಬ, ಊಟದ ಕಟ್ಟಳೆ ಉಳಿಯಲು ತಮ್ಮದೇ ಶಾಲೆ ಬೇಕಾಗಿತ್ತು. ಅಮೆರಿಕೆಯ ಕನ್ನಡ ಕೂಟಗಳವರು ರಜೆಯ ದಿನ ಮಕ್ಕಳನ್ನು ಕೂಡಿಸಿ ಅ ಆ ಇ ಈ ತಿದ್ದಿಸುವುದೂ ಇದೇ ಕಾರಣಕ್ಕೆ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೂಲಿಯಲ್ಲಿ ನಮ್ಮ ಸಮಾಜದ ಮಕ್ಕಳು ಯಾರ ನಡುವೆ ಕಳೆದುಹೋಗುತ್ತಿದ್ದಾರೆ?

ನಮ್ಮ ನಾಡಿನ ಹಿರಿಯರೂ ಸಮಾಜದ ಹೆಸರಿನಲ್ಲಿಯೇ ಸಂಸ್ಥೆ ಕಟ್ಟಲಿಲ್ಲವೇ ಎಂದು ನೀವು ಕೇಳಬಹುದು. ಕಟ್ಟಿದರು. ನಮ್ಮ ಸವದತ್ತಿ ತಾಲೂಕಿನವರೇ ಆದ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದರು. ಧಾರವಾಡ, ಬೆಳಗಾವಿಗಳ ಮಠಗಳ ಪ್ರಸಾದ ನಿಲಯಗಳಲ್ಲಿ ರೊಟ್ಟಿ ಉಂಡು ಓದಿದವರು ನಿಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರು. ಆಗ ಹಳ್ಳಿಯ ಹುಡುಗನಿಗೆ ಮುಂದೆ ಓದಲು ಶಾಲೆಯಿರಲಿಲ್ಲ, ಶಹರದಲ್ಲಿ ಉಣ್ಣಲು ಮನೆಯಿರಲಿಲ್ಲ. ಇಲ್ಲದಿರುವುದನ್ನು ಅವರು ಒದಗಿಸಿದರು. ಬರಬರುತ್ತ ಆ ಬಾಗಿಲುಗಳು ಎಲ್ಲರಿಗೂ ತೆರೆದವು. ತುಮಕೂರಿನ ಸಿದ್ಧಗಂಗೆಯಲ್ಲಂತೂ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ.

ನಮ್ಮ ದೇಶದ ಯಹೂದಿ ಶಾಲೆಗಳ ಕಥೆಯೂ ಅದೇ. ಮುಂಬಯಿಯಲ್ಲಿ ಹೈಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ ಎಂಬವರು 1875ರಲ್ಲಿ ತಮ್ಮ ಬೆನೆ ಇಸ್ರೇಲ್ ಮಕ್ಕಳಿಗಾಗಿ ತೆರೆದ ಶಾಲೆಯು ಮುಂದೆ ಸರ್ ಎಲಿ ಕಡೂರಿ ಶಾಲೆ ಎನಿಸಿಕೊಂಡಿತು. ಬಹಳಷ್ಟು ಕುಟುಂಬಗಳು ಇಸ್ರೇಲಿಗೆ ಹೊರಟುಹೋದ ಮೇಲೆ ಅಲ್ಲಿ ಓದುವವರು ಹೆಚ್ಚಾಗಿ ಬೇರೆಯವರ ಮಕ್ಕಳು. 1881ರಲ್ಲಿ ಸ್ಥಾಪನೆಯಾದ ಕಲಕತ್ತೆಯ ಯಹೂದಿ ಬಾಲಿಕೆಯರ ಶಾಲೆಯಲ್ಲಿ ಈಗ ಬಹುತೇಕ ಮುಸ್ಲಿಂ ಹುಡುಗಿಯರೇ ಕಲಿಯುತ್ತಾರೆ. ಶಾಲೆಯ ಲಾಂಛನದಲ್ಲಿ ದಾವೀದನ ನಕ್ಷತ್ರ ಹಾಗೆಯೇ ಇದೆ. ತಂದೆಯಿಲ್ಲದ ಮಗುವಿಗಾಗಿ ಹುಟ್ಟಿದ ಶಾಲೆಯ ವಂಶ ಹೀಗೆಯೇ ಬೆಳೆಯತಕ್ಕದ್ದು ಎಂದು ನನಗನ್ನಿಸುತ್ತದೆ.

ನೀವು ಕಟ್ಟಹೊರಟ ಶಾಲೆ ಯಾರಿಗಾಗಿ? ಶುಲ್ಕ ಕೊಡಬಲ್ಲ ನೂರು ಮಕ್ಕಳು ಅಲ್ಲಿಗೆ ಹೋದರೆಂದಿಟ್ಟುಕೊಳ್ಳೋಣ. ಸರಕಾರಿ ಶಾಲೆಯಲ್ಲಿ ಶಿಕ್ಷಕರ ಹುದ್ದೆ ನಿಲ್ಲುವುದು ಹಾಜರಿಯ ಸಂಖ್ಯೆಯ ಮೇಲೆ. ಸಂಖ್ಯೆ ಇಳಿದರೆ 'ಹೆಚ್ಚುವರಿ' ಎಂದು ಶಿಕ್ಷಕರನ್ನು ಬೇರೆ ಊರಿಗೆ ಕಳಿಸುತ್ತಾರೆ. ಉಳಿದ ಮಕ್ಕಳು, ಅಂದರೆ ಕೂಲಿಗೆ ಹೋಗುವವರ, ಹೊಲವಿಲ್ಲದವರ ಮಕ್ಕಳು, ಎರಡು ಮೂರು ತರಗತಿಗಳನ್ನು ಒಟ್ಟುಗೂಡಿಸಿದ ಕೋಣೆಯಲ್ಲಿ ಕುಳಿತುಕೊಳ್ಳುತ್ತಾರೆ. ನಿಮ್ಮಲ್ಲಿ ಬಹಳಷ್ಟು ಜನ ಪಿಂಜಾರರ, ಕುರುಬರ, ಹರಿಜನ ಕೇರಿಯ ಹುಡುಗರ ಜೊತೆ ಒಂದೇ ಗೋಣಿತಟ್ಟಿನ ಮೇಲೆ ಕುಳಿತು ನನ್ನಿಂದ ಬೈಸಿಕೊಂಡವರು. ಆ ತಟ್ಟನ್ನು ಹರಿಯುವ ಕೆಲಸಕ್ಕೆ ನಾನು ಮುಂದೆ ನಿಲ್ಲಲಾರೆ.

ಸರಕಾರಿ ಶಾಲೆಯಲ್ಲಿ ನಮ್ಮ ಧರ್ಮವನ್ನು ಕಲಿಸುವುದಿಲ್ಲವಲ್ಲ ಎಂದು ಒಬ್ಬ ಬಂಧುಗಳು ಫೋನಿನಲ್ಲಿ ವಾದಿಸಿದರು. ನಿಜ. ಸಂವಿಧಾನದ 28ನೆಯ ವಿಧಿಯೇ ಅದಕ್ಕೆ ಆಸ್ಪದ ಕೊಟ್ಟಿಲ್ಲ, ಕೊಡದಿರುವುದೇ ಒಳ್ಳೆಯದು. ಲಿಂಗಪೂಜೆ ಕಲಿಸಲು ಮನೆಯಿದೆ, ವಚನ ಹೇಳಿಕೊಡಲು ಮಠವಿದೆ. ಮನೆಯಲ್ಲಿ ಟಿ.ವಿ.ಯ ಮುಂದೆ ತಾಟು ಹಿಡಿದು ಕುಳಿತವರು ಶಾಲೆಯ ಮೇಲೆ ಈ ಭಾರ ಹೊರಿಸಬಾರದು. ಕೂಡಿ ಉಣ್ಣುವುದು, ಪ್ರಶ್ನೆ ಕೇಳುವುದು, ಜೋಡಿಯಾಗಿ ಓದುವುದು, ಡಬ್ಬಿಗೆ ನಾಣ್ಯ ಹಾಕುವುದು, ಇವಕ್ಕೆ ಸಂವಿಧಾನದ ಅಡ್ಡಿಯಿಲ್ಲ. ಬಿಸಿಯೂಟ ದಿನವೂ ನಡೆಯುತ್ತಿದೆ. 'ಅಕ್ಷರ ದಾಸೋಹ' ಎಂದು ಚಂದದ ಹೆಸರೂ ಅದಕ್ಕಿದೆ.

ಆದ್ದರಿಂದ ನನ್ನ ಸೂಚನೆಯಿಷ್ಟು. ಕಟ್ಟಡಕ್ಕೆಂದು ಕೂಡಿಸುವ ಹಣದ ಬಡ್ಡಿಯಲ್ಲಿ, ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆದು, ಇದ್ದ ಶಾಲೆಗೇ ಒಬ್ಬ ಸಹಾಯಕ ಶಿಕ್ಷಕಿಯನ್ನು ಗೌರವಧನದ ಮೇಲೆ ಕೊಡಿರಿ. ನಮ್ಮೂರಿನ ಓದಿದ ಹೆಣ್ಣುಮಗಳೊಬ್ಬಳಿಗೆ ಕೆಲಸವೂ ಆದೀತು. ಸಂಜೆ ಎರಡು ತಾಸು ಯಾವ ಕೇರಿಯ ಮಗುವಾದರೂ ಬಂದು ಜೋಡಿಯಾಗಿ ಕುಳಿತು ಓದಲು ಒಂದು ಕೋಣೆ, ನಾಲ್ಕು ದೀಪ, ಒಂದು ಕಪಾಟು ಪುಸ್ತಕ ಸಾಕು. ಮೊಣಕಾಲು ಹಿಡಿದುಕೊಂಡಿದ್ದರೂ ನಾಲಿಗೆ ಇನ್ನೂ ಗಟ್ಟಿಯಾಗಿರುವುದರಿಂದ ಆ ಎರಡು ತಾಸು ನನ್ನವು. ಜಾಗ ನೋಡಲು ಬರುವ ಭಾನುವಾರ ಹೊರಟವರು ಅದನ್ನು ಸೋಮವಾರಕ್ಕೆ ಮುಂದೂಡಿ, ಮೊದಲು ಶಾಲೆಗೆ ಬಂದು ಒಂದನೆಯ ತರಗತಿಯ ಹಾಜರಿ ಪುಸ್ತಕವನ್ನು ಒಮ್ಮೆ ತೆಗೆದು ನೋಡಿರಿ.